ಉದಾಹರಣೆಗೂ ಒಂದು ಪರೀಕ್ಷೆ

(ಚಿತ್ತಾಪುರ ತಾಲ್ಲೂಕಿನ ರಾವೂರದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಹಾಗೂ ಊರ ಹಿರಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ನಾವು ಚಿಕ್ಕವರಿದ್ದಾಗ ಅಂಕಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳ ಪಟ್ಟಿ ಇರುತ್ತಿತ್ತು. ಲೆಕ್ಕ ಬಿಡಿಸಿದ ಮೇಲೆ ಹಾಳೆ ಮಗುಚಿ ಅಲ್ಲಿ ಒಮ್ಮೆ ಕಣ್ಣು ಹಾಯಿಸುವುದು ನಮ್ಮೆಲ್ಲರ ರೂಢಿ. ಒಂದು ದಿನ ಬಡ್ಡಿಯ ಲೆಕ್ಕವೊಂದು ಎಷ್ಟು ಮಾಡಿದರೂ ಹೊಂದಲಿಲ್ಲ. ರಾತ್ರಿ ಕಂದೀಲಿನ ಬೆಳಕಿನಲ್ಲಿ ಕೂತು ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಒಂದೇ ಉತ್ತರ ಬಂತು, ಪುಸ್ತಕದಲ್ಲಿ ಮಾತ್ರ ಬೇರೆ ಇತ್ತು. ಕೊನೆಗೆ ನಾನು ಮಾಡಿದ್ದೇನು ಗೊತ್ತೆ? ಪುಸ್ತಕದ ಉತ್ತರ ಬರುವ ಹಾಗೆ ನನ್ನ ಲೆಕ್ಕವನ್ನೇ ತಿದ್ದಿ, ಅದನ್ನು ತೆಗೆದುಕೊಂಡು ಶಾಲೆಗೆ ಹೋದೆ. ಮರುದಿನ ಮಾಸ್ತರರು ಹಲಗೆಯ ಮೇಲೆ ಅದನ್ನು ಬಿಡಿಸಿ ತೋರಿಸಿ, "ಪುಸ್ತಕದಾಗಿನ ಉತ್ತರ ತಪ್ಪು ಅದ. ಯಾರ್‍ಯಾರದು ಹಿಂಗ ಬಂದದ, ಕೈ ಎತ್ತರಿ" ಎಂದರು. ಕೈ ಎತ್ತಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ನನ್ನಂತೆಯೇ ಸರಿಯಾದುದನ್ನು ಅಳಿಸಿ ತಪ್ಪನ್ನು ಬರೆದುಕೊಂಡು ಬಂದವರು.

ಇಂದು ನಾನು ಹೇಳಬೇಕೆಂದಿರುವ ವಿಷಯ ಕೇಳಲು ಕಂಪ್ಯೂಟರಿನದು. ಆದರೆ ಅದರ ತಿರುಳು ಈ ಸಣ್ಣ ಘಟನೆಯಲ್ಲೇ ಇದೆ. ಕಲಿಸುವ ಪುಸ್ತಕದಲ್ಲಿ ಉದಾಹರಣೆ ತಪ್ಪಾಗಿದ್ದರೆ ಕಲಿಯುವವನು ಪುಸ್ತಕವನ್ನು ಸಂಶಯಿಸುವುದಿಲ್ಲ, ತನ್ನನ್ನೇ ಸಂಶಯಿಸಿಕೊಳ್ಳುತ್ತಾನೆ. ಆದ್ದರಿಂದ ಉದಾಹರಣೆ ಬರೆಯುವವನ ಮೇಲೆ ಒಂದು ಋಣವಿರುತ್ತದೆ. ಆ ಋಣವನ್ನು ತೀರಿಸಲು ಹಿಂದಿನವರು ಏನು ಮಾಡಿದರು, ಈಗಿನ ತಂತ್ರಾಂಶ ಬರೆಯುವವರು ಏನು ಮಾಡುತ್ತಿದ್ದಾರೆ ಎಂಬುದೇ ಇವತ್ತಿನ ಮಾತು.

ಕೈಪಿಡಿಯ ಕಷ್ಟ

ಕಂಪ್ಯೂಟರಿಗೆ ಕೆಲಸ ಹೇಳಲು ನಾವು ಬರೆಯುವ ಸೂಚನೆಗಳ ಸಾಲನ್ನು ಪ್ರೋಗ್ರಾಮ್ ಎನ್ನುತ್ತಾರೆ. ಒಂದು ಪ್ರೋಗ್ರಾಮನ್ನು ಬರೆದವನು ಅದನ್ನು ಹೇಗೆ ಬಳಸಬೇಕೆಂದು ತಿಳಿಸುವ ಕೈಪಿಡಿಯನ್ನೂ ಬರೆಯಬೇಕಾಗುತ್ತದೆ. ಕೈಪಿಡಿ ಎಂದರೆ ಬರೀ ವಿವರಣೆಯಲ್ಲ. "ಹೀಗೆ ಬರೆದರೆ ಹೀಗೆ ಉತ್ತರ ಬರುತ್ತದೆ" ಎಂಬ ಉದಾಹರಣೆಗಳು ಅದರಲ್ಲಿ ಹೆಜ್ಜೆ ಹೆಜ್ಜೆಗೂ ಇರುತ್ತವೆ. ನಿಜ ಹೇಳಬೇಕೆಂದರೆ ವಿವರಣೆಯನ್ನು ಓದುವವರು ಕಡಿಮೆ. ಉದಾಹರಣೆಯನ್ನು ನೋಡಿ, ಅದನ್ನೇ ನಕಲು ಮಾಡಿ, ತಮಗೆ ಬೇಕಾದಷ್ಟು ಬದಲಿಸಿಕೊಂಡು ಮುಂದೆ ಹೋಗುವವರೇ ಹೆಚ್ಚು.

ಕಷ್ಟ ಶುರುವಾಗುವುದು ಇಲ್ಲಿಂದ. ಪ್ರೋಗ್ರಾಮು ನಿಂತ ನೀರಲ್ಲ. ಇವತ್ತು ಒಂದು ದೋಷ ತಿದ್ದುತ್ತಾರೆ, ನಾಳೆ ಒಂದು ಸೌಕರ್ಯ ಸೇರಿಸುತ್ತಾರೆ, ನಾಡಿದ್ದು ಹಳೆಯ ನಿಯಮವನ್ನೇ ಕೈಬಿಡುತ್ತಾರೆ. ಕೈಪಿಡಿಯಲ್ಲಿನ ಉದಾಹರಣೆ ಮಾತ್ರ ಮೊದಲು ಬರೆದ ದಿನ ಹೇಗಿತ್ತೋ ಹಾಗೆಯೇ ಕೂತಿರುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಅದು ಓಡುವಾಗ ಗೊತ್ತಾಗುತ್ತದೆ. ಕೈಪಿಡಿಯನ್ನು ಯಾರೂ ಓಡಿಸುವುದಿಲ್ಲವಾದ್ದರಿಂದ ಅದರ ತಪ್ಪು ಸದ್ದಿಲ್ಲದೆ ಉಳಿಯುತ್ತದೆ.

ಒಂದು ನಿಜವಾದ ನಿದರ್ಶನ ಕೊಡುತ್ತೇನೆ. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೊಸಮ್ ಎಂಬುವರು 1991ರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದರು. ಕಲಿಯಲು ಸುಲಭವಾದುದರಿಂದ ಅದು ಜಗತ್ತಿನಾದ್ಯಂತ ಹಬ್ಬಿತು. ಅದರ ಎರಡನೆಯ ಆವೃತ್ತಿಯಲ್ಲಿ 7ನ್ನು 2ರಿಂದ ಭಾಗಿಸು ಎಂದು ಬರೆದರೆ 3 ಎಂಬ ಉತ್ತರ ಬರುತ್ತಿತ್ತು. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಪೂರ್ಣಾಂಕವೇ ಬರಬೇಕು, ಶೇಷವನ್ನು ಬಿಡಬೇಕು ಎಂಬುದು ಅಂದಿನ ನಿಯಮ. 2008ರ ಡಿಸೆಂಬರಿನಲ್ಲಿ ಮೂರನೆಯ ಆವೃತ್ತಿ ಬಂತು. ಅದರಲ್ಲಿ ಅದೇ ಸೂಚನೆಗೆ 3.5 ಎಂಬ ಉತ್ತರ. ಎರಡೂ ತಮ್ಮ ತಮ್ಮ ನಿಯಮಕ್ಕೆ ಸರಿಯೇ. ಆದರೆ ಹಳೆಯ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಇಟ್ಟುಕೊಂಡು ಹೊಸ ಕಂಪ್ಯೂಟರಿನ ಮುಂದೆ ಕೂತ ಹುಡುಗಿಯ ಪಾಡನ್ನು ಯೋಚಿಸಿ. ಪುಸ್ತಕ 3 ಎನ್ನುತ್ತದೆ, ಪರದೆಯ ಮೇಲೆ 3.5 ಬರುತ್ತದೆ. ಹೇಳಿಕೊಡಲು ಹತ್ತಿರ ಯಾರೂ ಇಲ್ಲ. ಎರಡನೆಯ ಆವೃತ್ತಿಯ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿದುಹೋಯಿತು. ಆದರೆ ಅದನ್ನು ನೆಚ್ಚಿ ಬರೆದ ಪುಸ್ತಕಗಳೂ ಟಿಪ್ಪಣಿಗಳೂ ಆ ದಿನವೇ ಕಪಾಟಿನಿಂದ ಇಳಿದುಹೋಗಲಿಲ್ಲ.

ಮಳಖೇಡದ ಲೆಕ್ಕ

ಈ ಪ್ರಶ್ನೆ ಹೊಸದೇನಲ್ಲ. ಅದಕ್ಕೆ ಉತ್ತರ ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಪಕ್ಕದ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವನ್ನು ನೀವೆಲ್ಲ ನೋಡಿದ್ದೀರಿ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ಒಂದು ಗಣಿತ ಗ್ರಂಥವಿದೆ. ಜೈನ ವಿದ್ವಾಂಸ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಅದು. ಅದೇ ಕಾಲದ, ಅದೇ ಆಸ್ಥಾನದ 'ಕವಿರಾಜಮಾರ್ಗ' ಕನ್ನಡಿಗರಿಗೆಲ್ಲ ಗೊತ್ತು. ಗಣಿತಸಾರಸಂಗ್ರಹದ ಹೆಸರು ಅಷ್ಟು ಪ್ರಚಾರದಲ್ಲಿಲ್ಲ. ಮದರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಸ್ತಪ್ರತಿಗಳಿಂದ ಅದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು.

ಈ ಎರಡು ಗ್ರಂಥಗಳಿಗೂ ಒಂದು ಸಮಾನ ಗುಣವಿದೆ. ಕವಿರಾಜಮಾರ್ಗವು ಕಾವ್ಯದ ಲಕ್ಷಣವನ್ನು ಹೇಳಿ, ಕೂಡಲೇ ಅದಕ್ಕೆ ಲಕ್ಷ್ಯವನ್ನು ಕೊಡುತ್ತದೆ. ಮಹಾವೀರಾಚಾರ್ಯನೂ ಹಾಗೆಯೇ. ಮೊದಲು ಸೂತ್ರ, ಅದರ ಹಿಂದೆಯೇ ಉದಾಹರಣೆಯ ಲೆಕ್ಕ. ಬಡ್ಡಿ, ಬಂಗಾರದ ಬೆರಕೆ, ಮಾವಿನಹಣ್ಣಿನ ಹಂಚಿಕೆ, ಹೊಲದ ಅಳತೆ, ತೋಡಿದ ಗುಂಡಿಯ ಘನ, ನೆರಳಿನ ಉದ್ದ ಹೀಗೆ ಲೋಕವ್ಯವಹಾರವೆಲ್ಲ ಅಲ್ಲಿ ಲೆಕ್ಕವಾಗಿ ಬರುತ್ತದೆ. ಸೂತ್ರವನ್ನು ಮರೆತರೂ ಉದಾಹರಣೆಯಿಂದ ಅದನ್ನು ಮತ್ತೆ ಹಿಡಿಯಬಹುದು ಎಂಬ ನಂಬಿಕೆ ಇಂಥ ಬರವಣಿಗೆಯ ಹಿಂದಿದೆ.

ಗುಣಾಕಾರದ ಭಾಗದಲ್ಲಿ ಅವನು ಕೊಡುವ ಕೆಲವು ಲೆಕ್ಕಗಳಂತೂ ಸೊಗಸಾಗಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥ ಸಂಖ್ಯೆಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಇದನ್ನು ಬರೀ ಚಮತ್ಕಾರವೆಂದು ಕಾಣುವವರುಂಟು. ನನಗೆ ಇದರಲ್ಲಿ ಇನ್ನೊಂದು ಉಪಯೋಗ ಕಾಣುತ್ತದೆ. ತಾಳೆಗರಿಯಿಂದ ತಾಳೆಗರಿಗೆ ನಕಲಾಗುತ್ತ ಹೋಗುವ ಗ್ರಂಥದಲ್ಲಿ ಒಂದು ಅಂಕಿ ತಪ್ಪಿದರೆ ಗೊತ್ತಾಗುವುದು ಹೇಗೆ? 152207 ಎಂಬುದನ್ನು ಯಾರೋ 152217 ಎಂದು ಬರೆದರೆನ್ನಿ. 73ರಿಂದ ಗುಣಿಸಿದಾಗ 11111841 ಬರುತ್ತದೆ. ಹಾರ ಹರಿದಿರುವುದು ಎಳೆಯ ಹುಡುಗನಿಗೂ ಕಾಣುತ್ತದೆ. ಅಂದರೆ ಇಲ್ಲಿ ಉದಾಹರಣೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮಹಾವೀರನ ಉದ್ದೇಶ ಅದಾಗಿತ್ತೋ ಇಲ್ಲವೋ, ಪರಿಣಾಮವಂತೂ ಅದೇ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಕನ್ನಡ ಲಿಪಿಯ ಪ್ರತಿಗಳೂ ಉಳಿದು ಬಂದವು. ಇಷ್ಟು ಕೈ ದಾಟಿ ಬರುವ ಬರಹಕ್ಕೆ ತಪ್ಪನ್ನು ತೋರಿಸಿಕೊಡುವ ಗುಣ ದೊಡ್ಡ ಆಸ್ತಿಯೇ ಸರಿ.

ಪ್ರತ್ಯಯವೆಂಬ ಪದ್ಧತಿ

ಆದರೆ ಎಲ್ಲ ಲೆಕ್ಕವೂ ಹಾರವಾಗಲಾರದು. ಉಳಿದವಕ್ಕೆ ಏನು ದಾರಿ? ಅದಕ್ಕೂ ನಮ್ಮ ಗಣಿತಜ್ಞರು ಒಂದು ಕ್ರಮವನ್ನು ಮಾಡಿಕೊಂಡಿದ್ದರು. ಆರ್ಯಭಟನ ಗ್ರಂಥಕ್ಕೆ ಕ್ರಿ.ಶ. 629ರಲ್ಲಿ ವ್ಯಾಖ್ಯಾನ ಬರೆದ ಮೊದಲನೆಯ ಭಾಸ್ಕರನು ಸೂತ್ರವನ್ನು ವಿವರಿಸಿದ ಮೇಲೆ ಉದ್ದೇಶಕವನ್ನು, ಎಂದರೆ ಲೆಕ್ಕದ ಪ್ರಶ್ನೆಯನ್ನು ಕೊಡುತ್ತಾನೆ. ಆಮೇಲೆ ನ್ಯಾಸ, ಅಂದರೆ ಅಂಕಿಗಳನ್ನು ಜೋಡಿಸಿಡುವುದು. ಅನಂತರ ಕರಣ, ಅಂದರೆ ಬಿಡಿಸುವುದು. ಕೆಲವೆಡೆ ಕೊನೆಯಲ್ಲಿ ಪ್ರತ್ಯಯಕರಣ. ಪ್ರತ್ಯಯವೆಂದರೆ ಇಲ್ಲಿ ವ್ಯಾಕರಣದ ಪ್ರತ್ಯಯವಲ್ಲ, ನಂಬಿಕೆ ಹುಟ್ಟಿಸುವುದು. ಬಂದ ಉತ್ತರವನ್ನು ಬೇರೊಂದು ದಾರಿಯಿಂದ ತಾಳೆ ನೋಡುವುದು.

ಇದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷಿ ಈಗ ಪಾಕಿಸ್ತಾನದಲ್ಲಿರುವ ಪೇಶಾವರದ ಹತ್ತಿರದ ಬಖ್‌ಶಾಲಿ ಎಂಬ ಹಳ್ಳಿಯಲ್ಲಿ 1881ರಲ್ಲಿ ನೆಲದಡಿ ದೊರೆತ ಹಸ್ತಪ್ರತಿಯಲ್ಲಿದೆ. ಭೂರ್ಜಪತ್ರದ ಮೇಲೆ ಬರೆದ ಅದು ಇಂದು ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿದೆ. ಅದರಲ್ಲಿಯೂ ಸೂತ್ರ, ಉದಾಹರಣೆ, ಸ್ಥಾಪನೆ, ಕರಣ ಎಂಬ ಕ್ರಮವಿದ್ದು, ಅದರ ಮೇಲೆ ಪ್ರತ್ಯಯ ಬರುತ್ತದೆ. ಲೆಕ್ಕ ಬಿಡಿಸಿ ಕೈತೊಳೆದುಕೊಂಡರೆ ಸಾಲದು, ಬಿಡಿಸಿದ್ದು ಸರಿಯೆಂದು ಓದುಗನ ಕಣ್ಣೆದುರಿಗೇ ತೋರಿಸಬೇಕು ಎಂಬ ಶಿಸ್ತು ಅದು.

ಇದು ನಮ್ಮ ಗೌಂಡಿಗಳಿಗೂ ಗೊತ್ತಿರುವ ಶಿಸ್ತೇ. ಪಾಯ ಗುರುತು ಮಾಡುವಾಗ ಮೂಲೆ ನೇರವಾಗಿದೆಯೆ ಎಂದು ಕಣ್ಣಂದಾಜಿಗೆ ಬಿಡುವುದಿಲ್ಲ. ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಗುರುತು ಹಾಕಿ, ಅಡ್ಡ ದಾರ ಹಿಡಿದು 5 ಅಡಿ ಬರುತ್ತದೆಯೇ ನೋಡುತ್ತಾರೆ. ಮೂಲೆ ಹಾಕಿದ್ದು ಒಂದು ದಾರಿ, ತಾಳೆ ನೋಡಿದ್ದು ಇನ್ನೊಂದು ದಾರಿ.

ಯಂತ್ರ ಮಾಡುವ ಪ್ರತ್ಯಯ

ಈಗ ಕಂಪ್ಯೂಟರಿಗೆ ಮರಳೋಣ. ಕೈಪಿಡಿಯಲ್ಲಿ ನೂರಾರು ಉದಾಹರಣೆಗಳಿರುತ್ತವೆ. ಪ್ರೋಗ್ರಾಮು ಬದಲಾದಾಗಲೆಲ್ಲ ಅವನ್ನು ಒಂದೊಂದಾಗಿ ಮಾಡಿ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಹಾಗಾದರೆ ಆ ಕೆಲಸವನ್ನು ಕಂಪ್ಯೂಟರಿಗೇ ಏಕೆ ಒಪ್ಪಿಸಬಾರದು? ಪೈಥಾನ್ ಭಾಷೆಯ ಬೆಳವಣಿಗೆಯಲ್ಲಿ ಮುಖ್ಯ ಪಾತ್ರ ವಹಿಸಿದ ಟಿಮ್ ಪೀಟರ್ಸ್ ಎಂಬುವರು ಹೀಗೆ ಯೋಚಿಸಿ ಡಾಕ್‌ಟೆಸ್ಟ್ ಎಂಬ ಸಾಧನವನ್ನು ಬರೆದರು. 2001ರಲ್ಲಿ ಅದು ಪೈಥಾನಿನ ಜೊತೆಯಲ್ಲೇ ಸಿಗತೊಡಗಿತು.

ಅದರ ಕೆಲಸ ಬಹಳ ಸರಳ. ಪೈಥಾನಿನಲ್ಲಿ ಮಾತುಕತೆಯ ರೀತಿ ಕೆಲಸ ಮಾಡುವಾಗ ಪರದೆಯ ಮೇಲೆ ಮೂರು ಬಾಣದ ತುದಿಗಳಂಥ ಗುರುತು ಬರುತ್ತದೆ. ಅದರ ಮುಂದೆ ನಾವು ಸೂಚನೆ ಬರೆದರೆ ಕೆಳಗಿನ ಸಾಲಿನಲ್ಲಿ ಉತ್ತರ ಮೂಡುತ್ತದೆ. ಕೈಪಿಡಿ ಬರೆಯುವವರು ಈ ಎರಡು ಸಾಲುಗಳನ್ನು ಇದ್ದ ಹಾಗೆಯೇ ಎತ್ತಿ ತಮ್ಮ ವಿವರಣೆಯ ನಡುವೆ ಇಡುತ್ತಾರೆ. ಡಾಕ್‌ಟೆಸ್ಟ್ ಆ ಕೈಪಿಡಿಯ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದ ವಿವರಣೆ ಅದಕ್ಕೆ ಬೇಕಿಲ್ಲ, ಅದನ್ನು ದಾಟಿ ಹೋಗುತ್ತದೆ. ಬಾಣದ ಗುರುತು ಕಂಡಲ್ಲಿ ನಿಂತು, ಮುಂದಿರುವ ಸೂಚನೆಯನ್ನು ತಾನೇ ನಡೆಸಿ, ಬಂದ ಉತ್ತರವನ್ನು ಕೈಪಿಡಿಯಲ್ಲಿ ಬರೆದಿರುವ ಉತ್ತರದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಎರಡೂ ಒಂದೇ ಆಗಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಬೇರೆಯಾಗಿದ್ದರೆ, ಇಂಥ ಸಾಲಿನಲ್ಲಿ ನೀವು ಹೇಳಿದ್ದು ಇದು, ನನಗೆ ಬಂದದ್ದು ಇದು ಎಂದು ಎರಡನ್ನೂ ಎದುರೆದುರು ಇಟ್ಟು ತೋರಿಸುತ್ತದೆ. ಎಲ್ಲವೂ ಸರಿಯಿದ್ದರೆ ತುಟಿಪಿಟಕ್ ಎನ್ನುವುದಿಲ್ಲ, ಮೌನವೇ ಅದರ ಒಪ್ಪಿಗೆ.

ಮೊದಲು ಇದು ಹೆಚ್ಚಾಗಿ ಪ್ರೋಗ್ರಾಮಿನ ಒಳಗೇ ಹುದುಗಿಸಿಟ್ಟ ಟಿಪ್ಪಣಿಗಳನ್ನು ಪರೀಕ್ಷಿಸಲು ಬಳಕೆಯಾಗುತ್ತಿತ್ತು. 2004ರ ಆವೃತ್ತಿಯಿಂದ ಬೇರೆಯಾಗಿಟ್ಟ ಕೈಪಿಡಿಯ ಕಡತಗಳನ್ನೂ ನೇರವಾಗಿ ಪರೀಕ್ಷಿಸುವ ಅನುಕೂಲ ಬಂತು. ಆಮೇಲೆ ಬಂದ ರಸ್ಟ್, ಗೋ, ಎಲಿಕ್ಸರ್ ಮೊದಲಾದ ಭಾಷೆಗಳು ಇದೇ ವಿಚಾರವನ್ನು ತಮ್ಮ ತಮ್ಮ ರೀತಿಯಲ್ಲಿ ಅಳವಡಿಸಿಕೊಂಡವು. ಅನೇಕ ಕಡೆ ಈಗ ಪ್ರೋಗ್ರಾಮಿನ ಒಂದು ಸಾಲು ಬದಲಾದರೂ ಅದನ್ನು ಒಪ್ಪಿಕೊಳ್ಳುವ ಮೊದಲು ಕೈಪಿಡಿಯ ಎಲ್ಲ ಉದಾಹರಣೆಗಳನ್ನೂ ಯಂತ್ರ ತಾನಾಗಿಯೇ ನಡೆಸಿ ನೋಡುವ ಏರ್ಪಾಡಿರುತ್ತದೆ. ಹಾಗೆ ಪರೀಕ್ಷೆಗೆ ಒಳಪಟ್ಟ ಕೈಪಿಡಿಯಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಎಂದು ಬರೆದಿದ್ದರೆ, ನಿಯಮ ಬದಲಾದ ದಿನವೇ ಯಂತ್ರ ತಗಾದೆ ತೆಗೆಯುತ್ತದೆ. ತಪ್ಪು ಕಲಿಯುವವಳ ಮನೆಗೆ ಹೋಗುವುದಿಲ್ಲ, ಬರೆದವನ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತದೆ.

ಆದರೂ ಸಣ್ಣಪುಟ್ಟ ತೊಡಕುಗಳಿಲ್ಲದೆ ಇಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ವಿವೇಕವಿರುವುದಿಲ್ಲ. ಉದಾಹರಣೆಯ ಉತ್ತರದಲ್ಲಿ ಇವತ್ತಿನ ತಾರೀಖು ಬರುವುದಾದರೆ ನಾಳೆ ಪರೀಕ್ಷೆ ಬೀಳುತ್ತದೆ. 0.1ಕ್ಕೆ 0.2 ಕೂಡಿಸಿದರೆ 0.3 ಎಂದು ನಾವು ಬರೆಯುತ್ತೇವೆ. ಎರಡರ ಘಾತಗಳಲ್ಲಿ ಲೆಕ್ಕ ಹಾಕುವ ಯಂತ್ರಕ್ಕೆ 0.1 ಎಂಬುದು ನಿಖರವಾಗಿ ಸಿಗುವುದಿಲ್ಲವಾದ್ದರಿಂದ ಅದು 0.30000000000000004 ಎಂದು ತೋರಿಸುತ್ತದೆ. ಇಂಥಲ್ಲಿ ಬದಲಾಗುವ ಭಾಗಕ್ಕೆ ಮೂರು ಚುಕ್ಕೆ ಇಟ್ಟು, ಇದನ್ನು ನೋಡಬೇಡ ಎಂದು ಯಂತ್ರಕ್ಕೆ ಹೇಳುವ ಸೌಲಭ್ಯವಿದೆ. ಆದರೆ ಆ ಚುಕ್ಕೆ ಉಪ್ಪಿನ ಹಾಗೆ. ಹೆಚ್ಚು ಹಾಕಿದರೆ ಪರೀಕ್ಷೆಯಲ್ಲಿ ಪರೀಕ್ಷಿಸುವುದೇನೂ ಉಳಿಯುವುದಿಲ್ಲ.

ಸಿಕ್ಕಿಬೀಳುವ ತಪ್ಪು, ದಾಟಿಹೋಗುವ ತಪ್ಪು

ಇಷ್ಟು ಕೇಳಿದ ಮೇಲೆ, ಇನ್ನೇನು, ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಿಮಗೆ ಅನ್ನಿಸಬಹುದು. ಹಾಗೆ ಅಂದುಕೊಳ್ಳುವ ಮೊದಲು ಮತ್ತೊಮ್ಮೆ ಮಳಖೇಡದ ಕಡೆಗೆ ಹೋಗಿಬರೋಣ. ಮಹಾವೀರಾಚಾರ್ಯನಂಥ ದೊಡ್ಡವನ ಗ್ರಂಥದಲ್ಲಿಯೂ ಎರಡು ತಪ್ಪುಗಳಿವೆ. ಅವನನ್ನು ಹಳಿಯುವುದಕ್ಕಾಗಿ ಅಲ್ಲ, ಪರೀಕ್ಷೆ ಎಂದರೇನೆಂದು ಅವು ಚೆನ್ನಾಗಿ ಕಲಿಸುವುದರಿಂದ ಅವನ್ನು ಹೇಳುತ್ತೇನೆ.

ಮೊದಲನೆಯದು ಸೊನ್ನೆಯದು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಅವನು ಸರಿಯಾಗಿ ಹೇಳುತ್ತಾನೆ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದೂ ಹೇಳುತ್ತಾನೆ. ಇದಕ್ಕೆ ಪ್ರತ್ಯಯ ಮಾಡೋಣ. ಭಾಗಾಕಾರದ ತಾಳೆ ಎಲ್ಲರಿಗೂ ಗೊತ್ತು. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿದರೆ ಮೊದಲಿನ ಸಂಖ್ಯೆ ಬರಬೇಕು. 7ನ್ನು ಸೊನ್ನೆಯಿಂದ ಭಾಗಿಸಿದರೆ 7 ಎನ್ನಿ. ಆ 7ನ್ನು ಸೊನ್ನೆಯಿಂದ ಗುಣಿಸಿ. ಅವನದೇ ನಿಯಮದಂತೆ ಸೊನ್ನೆ ಬಂತು, 7 ಬರಲಿಲ್ಲ. ಒಂದೇ ಒಂದು ಉದಾಹರಣೆಯನ್ನು ತಿರುಗಿಸಿ ನೋಡಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಇಂದಿನ ಪೈಥಾನಿಗೆ ಇದೇ ಲೆಕ್ಕ ಕೊಟ್ಟರೆ ಸೊನ್ನೆಯಿಂದ ಭಾಗಿಸಲಾಗದು ಎಂದು ದೂರು ಕೊಟ್ಟು ನಿಲ್ಲುತ್ತದೆ. ಆ ದೂರನ್ನೇ ನಿರೀಕ್ಷಿತ ಉತ್ತರವಾಗಿ ಕೈಪಿಡಿಯಲ್ಲಿ ಬರೆದಿಟ್ಟು ಪರೀಕ್ಷಿಸಲೂ ಬರುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯವಾದದ್ದು. ಮಹಾವೀರನು ಆಯತವೃತ್ತ ಎಂಬ ಆಕೃತಿಯನ್ನು ಎತ್ತಿಕೊಳ್ಳುತ್ತಾನೆ. ಎಳೆದು ಉದ್ದ ಮಾಡಿದ ವೃತ್ತ ಅದು. ಇಂದಿನವರು ಅದನ್ನು ದೀರ್ಘವೃತ್ತವೆಂದು ಓದುತ್ತಾರೆ. ನಮ್ಮ ಹಳೆಯ ಗಣಿತಜ್ಞರಲ್ಲಿ ಅದರ ಅಳತೆಗೆ ಕೈಹಾಕಿದವರೇ ಅಪರೂಪ. ಅಗಲದ ವರ್ಗವನ್ನು ಆರರಿಂದ ಗುಣಿಸಿ, ಉದ್ದದ ಇಮ್ಮಡಿಯ ವರ್ಗವನ್ನು ಕೂಡಿಸಿ, ವರ್ಗಮೂಲ ತೆಗೆದರೆ ಸುತ್ತಳತೆ. ಸುತ್ತಳತೆಯನ್ನು ಅಗಲದ ನಾಲ್ಕನೆಯ ಒಂದು ಭಾಗದಿಂದ ಗುಣಿಸಿದರೆ ಕ್ಷೇತ್ರಫಲ. ಇದು ಅವನ ಸೂಕ್ಷ್ಮ ನಿಯಮ.

ಇದನ್ನು ಹೇಗೆ ಪರೀಕ್ಷಿಸುತ್ತೀರಿ? ಉದ್ದವೂ ಅಗಲವೂ ಒಂದೇ ಆದರೆ ಆಕೃತಿ ವೃತ್ತವಾಗುತ್ತದೆ. ವೃತ್ತದ ಉತ್ತರ ನಮಗೆ ಮೊದಲೇ ಗೊತ್ತು. ಎರಡಕ್ಕೂ 10 ಹಾಕಿ. ಸುತ್ತಳತೆ 1000ದ ವರ್ಗಮೂಲ, ಸುಮಾರು 31.62. ಕ್ಷೇತ್ರಫಲ ಸುಮಾರು 79.06. ಇಂದಿನ ಲೆಕ್ಕದಲ್ಲಿ ಅವು 31.42 ಮತ್ತು 78.54. ಮಹಾವೀರನು ವೃತ್ತಕ್ಕೆ ಹತ್ತರ ವರ್ಗಮೂಲವನ್ನು ಬಳಸಿದ್ದರಿಂದ ಅಷ್ಟು ವ್ಯತ್ಯಾಸ ಬಂದಿದೆ, ಅದು ಆ ಕಾಲಕ್ಕೆ ಒಪ್ಪುವಂಥದು. ಪರೀಕ್ಷೆ ಪಾಸಾಯಿತು.

ಈಗ ಉದ್ದ 36, ಅಗಲ 12 ಹಾಕಿ ನೋಡಿ. ಸುತ್ತಳತೆ ಸುಮಾರು 77.8 ಬರುತ್ತದೆ. ಸರಿಯಾದುದು ಸುಮಾರು 80.2. ಪರವಾಗಿಲ್ಲ, ಹತ್ತಿರವೇ ಇದೆ. ಕ್ಷೇತ್ರಫಲ ಮಾತ್ರ ಸುಮಾರು 233 ಬರುತ್ತದೆ. ಬರಬೇಕಾದದ್ದು ಎಷ್ಟು? 12 ವ್ಯಾಸದ ವೃತ್ತದ ಕ್ಷೇತ್ರಫಲ ಸುಮಾರು 113. ಆ ವೃತ್ತವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಸೀಳಿ ಪ್ರತಿಯೊಂದು ಪಟ್ಟಿಯನ್ನೂ ಮೂರು ಪಟ್ಟು ಉದ್ದ ಎಳೆದರೆ ನಮ್ಮ ಆಕೃತಿ ಬರುತ್ತದೆ. ಆದ್ದರಿಂದ ಕ್ಷೇತ್ರಫಲವೂ ಮೂರು ಪಟ್ಟು, ಸುಮಾರು 339 ಆಗಬೇಕು. 339 ಇರಬೇಕಾದಲ್ಲಿ 233. ಇದು ಹೊಲವಾಗಿದ್ದರೆ ಮೂರರಲ್ಲಿ ಸುಮಾರು ಒಂದು ಪಾಲು ನೆಲ ಲೆಕ್ಕದಿಂದಲೇ ಮಾಯವಾದಂತೆ.

ಮಿತ್ರರೇ, ಈ ನಿಯಮವನ್ನು ಇಂದು ಒಬ್ಬರು ಪ್ರೋಗ್ರಾಮಾಗಿ ಬರೆದು, ಕೈಪಿಡಿಯಲ್ಲಿ ವೃತ್ತದ ಉದಾಹರಣೆಯೊಂದನ್ನೇ ಕೊಟ್ಟರೆ ಡಾಕ್‌ಟೆಸ್ಟ್ ಏನೂ ಹೇಳುವುದಿಲ್ಲ, ಮೌನವಾಗಿ ಒಪ್ಪಿಕೊಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಪ್ರೋಗ್ರಾಮನ್ನು ಒಮ್ಮೆ ಓಡಿಸಿ, ಬಂದ 233ನ್ನೇ ಕೈಪಿಡಿಗೆ ನಕಲು ಮಾಡಿಟ್ಟರೆ ಆ ತಪ್ಪೂ ದಿನಾ ಪರೀಕ್ಷೆ ಪಾಸಾಗುತ್ತದೆ. ಕೈಪಿಡಿಯ ಮಾತೂ ಯಂತ್ರದ ನಡತೆಯೂ ಒಂದಕ್ಕೊಂದು ಹೊಂದುತ್ತವೆ ಎಂಬುದಷ್ಟೇ ಅದು ಕೊಡುವ ಭರವಸೆ. ಇಬ್ಬರೂ ಸೇರಿ ತಪ್ಪು ಹೇಳುತ್ತಿದ್ದರೆ ಅದು ಪತ್ತೆ ಹಚ್ಚಲಾರದು. ಬಾಲ್ಯದಲ್ಲಿ ಪುಸ್ತಕದ ಉತ್ತರ ಬರುವ ಹಾಗೆ ಲೆಕ್ಕ ತಿದ್ದಿದ ನಾನು ಮಾಡಿದ್ದೂ ಇದನ್ನೇ. ನನ್ನ ಉತ್ತರಕ್ಕೂ ಪುಸ್ತಕಕ್ಕೂ ತಾಳೆಯಾಗಿತ್ತು, ಆದರೆ ಲೆಕ್ಕ ತಪ್ಪಾಗಿತ್ತು. ಬೇರೊಂದು ದಾರಿಯಿಂದ ನೋಡುವ ಪ್ರತ್ಯಯವನ್ನು ಈಗಲೂ ಮನುಷ್ಯನೇ ಮಾಡಬೇಕು.

ಎಂಥ ಉದಾಹರಣೆ?

ಹಾಗಾದರೆ ಉದಾಹರಣೆಯನ್ನು ಆರಿಸುವುದು ಹೇಗೆ? ಇದಕ್ಕೆ ಕನ್ನಡದ ವ್ಯಾಕರಣಕಾರನೊಬ್ಬ ದಾರಿ ತೋರಿಸಿದ್ದಾನೆ. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ ಸೂತ್ರ, ಅದಕ್ಕೆ ವೃತ್ತಿ, ಆಮೇಲೆ ಪ್ರಯೋಗ ಎಂಬ ಕ್ರಮವಿದೆ. ಪ್ರಯೋಗಗಳನ್ನು ಆತ ತನಗೆ ಅನುಕೂಲವಾಗುವಂತೆ ಹೊಸೆದುಕೊಂಡು ಸುಮ್ಮನಾಗಲಿಲ್ಲ. ತನಗಿಂತ ಹಿಂದಿನ ಕವಿಗಳ ಪದ್ಯಗಳಿಂದ ಹೇರಳವಾಗಿ ಆರಿಸಿ ಕೊಟ್ಟ. ನಮಗೆ ಇಂದು ಸಿಗದ ಕೆಲವು ಕಾವ್ಯಗಳ ತುಣುಕುಗಳು ಹೀಗಾಗಿ ಅವನ ಗ್ರಂಥದಲ್ಲಿ ಉಳಿದುಕೊಂಡಿವೆ. ಸೂತ್ರಕ್ಕೆ ತಕ್ಕಂತೆ ಮಾಡಿಕೊಂಡ ಉದಾಹರಣೆ ಸೂತ್ರವನ್ನು ಎಂದೂ ಅಲ್ಲಗಳೆಯಲಾರದು. ಬಳಕೆಯಿಂದ ಎತ್ತಿದ ಉದಾಹರಣೆ ಸೂತ್ರವನ್ನು ನಿಜವಾಗಿ ಒರೆಗೆ ಹಚ್ಚುತ್ತದೆ.

ಕೈಪಿಡಿ ಬರೆಯುವವರಿಗೂ ಇದೇ ಮಾತು ಸಲ್ಲುತ್ತದೆ. 10 ಮತ್ತು 10 ಎಂಬ ಸುಲಭದ ಉದಾಹರಣೆ ಕಲಿಯುವವನ ಕೈಹಿಡಿಯಲು ಇರಲಿ. ಅದರ ಪಕ್ಕದಲ್ಲಿ 36 ಮತ್ತು 12ರ ಉದಾಹರಣೆಯೂ ಇರಲಿ. ಆದರೆ ಒಂದು ಎಚ್ಚರ ಬೇಕು. ಪರೀಕ್ಷೆಯ ಹುಮ್ಮಸ್ಸಿನಲ್ಲಿ ಇಲ್ಲದ ಸಲ್ಲದ ಉದಾಹರಣೆಗಳನ್ನೆಲ್ಲ ಕೈಪಿಡಿಗೆ ತುರುಕಿದರೆ ಅದು ಓದುವವನಿಗೆ ಬೇಡವಾಗುತ್ತದೆ. ಕೈಪಿಡಿ ಇರುವುದು ಮೊದಲು ಮನುಷ್ಯನಿಗೆ, ಆಮೇಲೆ ಯಂತ್ರಕ್ಕೆ. ಮೂಲೆಮುಡುಕಿನ ಸಂಗತಿಗಳ ಪರೀಕ್ಷೆಯನ್ನು ಬೇರೆ ಕಡತದಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ನಾವು ಮಾಡಬಹುದಾದದ್ದು

ಇದೆಲ್ಲ ದೊಡ್ಡ ಊರಿನ ಇಂಜಿನಿಯರುಗಳ ಮಾತಾಯಿತು, ರಾವೂರದ ನಮಗೇನು ಎಂದು ನೀವು ಕೇಳಬಹುದು. ಈ ಸೀಮೆಯ ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಮನೆಯಲ್ಲಿ ಆ ವಿದ್ಯೆಗೆ ಮೊದಲಿಗರು. ಕಲ್ಲಿನ ಗಣಿಯಲ್ಲೋ ಸಿಮೆಂಟಿನ ಕಾರ್ಖಾನೆಯಲ್ಲೋ ಹೊಲದಲ್ಲೋ ದುಡಿಯುವ ಅಪ್ಪನಿಗೆ ಪರದೆಯ ಮೇಲಿನ ದೂರು ಅರ್ಥವಾಗುವುದಿಲ್ಲ. ಪಟ್ಟಣದ ಹುಡುಗನಿಗೆ ಉದಾಹರಣೆ ನಡೆಯದಿದ್ದರೆ ಕೇಳಲು ಹತ್ತು ಮಂದಿ ಇರುತ್ತಾರೆ. ಇಲ್ಲಿಯ ಹುಡುಗಿಗೆ ಪುಸ್ತಕವೊಂದೇ ಗುರು. ಆ ಗುರುವೇ ಹುಸಿ ಹೇಳಿದರೆ ಅವಳು ಪುಸ್ತಕ ಮುಚ್ಚಿಟ್ಟು, "ಇದು ನನ್ನ ತಲಿಗಿ ಹತ್ತಂಗಿಲ್ಲ" ಎಂದು ಎದ್ದುಹೋಗುತ್ತಾಳೆ. ಒಂದು ಹಳೆಯ ಸಾಲಿನಿಂದ ಆಗುವ ನಷ್ಟ ಅದು.

ಆದ್ದರಿಂದ ಮೂರು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಕನ್ನಡದಲ್ಲಿ ಕಂಪ್ಯೂಟರ್ ಪಾಠಗಳನ್ನು ಬರೆಯುವವರೂ ಅನುವಾದಿಸುವವರೂ ಪ್ರತಿಯೊಂದು ಉದಾಹರಣೆಯನ್ನೂ ಯಂತ್ರದ ಮೇಲೆ ನಡೆಸಿಯೇ ಅಚ್ಚಿಗೆ ಕೊಡಬೇಕು. ಯಾವ ಆವೃತ್ತಿಯಲ್ಲಿ, ಯಾವ ವರ್ಷ ನಡೆಸಿದ್ದೆಂದು ಮೊದಲ ಪುಟದಲ್ಲಿ ನಮೂದಿಸಬೇಕು. ವಿವರಣೆ ಕನ್ನಡದಲ್ಲಿದ್ದರೂ ಡಾಕ್‌ಟೆಸ್ಟ್ ಕೆಲಸ ಮಾಡುತ್ತದೆ, ಆದ್ದರಿಂದ ಭಾಷೆಯ ನೆಪ ಇಲ್ಲಿ ನಡೆಯದು.

ಎರಡನೆಯದು ಗುರುಗಳಿಗೆ. ಪಾಠದ ದಿನ ಬೆಳಿಗ್ಗೆ ಹಲಗೆಗೆ ಬರೆಯಬೇಕಾದ ಉದಾಹರಣೆಯನ್ನು ಒಮ್ಮೆ ನಡೆಸಿ ನೋಡಿ. ಪುಸ್ತಕದಲ್ಲಿ ತಪ್ಪು ಕಂಡರೆ ಮುಚ್ಚಿಡದೆ ಮಕ್ಕಳಿಗೆ ತೋರಿಸಿ. ಪುಸ್ತಕವೂ ತಪ್ಪಬಹುದೆಂದು ಅಂದು ನಮ್ಮ ಮಾಸ್ತರರು ಹಲಗೆಯ ಮುಂದೆ ನಿಂತು ಹೇಳಿದ ಮಾತು ಆ ವರ್ಷದ ಇಡೀ ಗಣಿತಕ್ಕಿಂತ ಹೆಚ್ಚು ಕಾಲ ನನ್ನ ಜೊತೆ ಉಳಿದಿದೆ.

ಮೂರನೆಯದು ವಿದ್ಯಾರ್ಥಿಗಳಿಗೆ. ಉದಾಹರಣೆಯಂತೆಯೇ ಬರೆದರೂ ಉತ್ತರ ಬೇರೆ ಬಂದರೆ, ಮೊದಲು ನೀವು ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ನೋಡಿಕೊಳ್ಳಿ. ಸರಿಯಿದ್ದರೆ ಪುಸ್ತಕ ಯಾವ ವರ್ಷದ್ದೆಂದು ನೋಡಿ. ಆಮೇಲೆ ಬೇರೆ ದಾರಿಯಿಂದ ತಾಳೆ ಹಾಕಿ. ಆಗಲೂ ನಿಮ್ಮದೇ ಸರಿ ಎಂದು ಕಂಡರೆ, ನಾನು ಮಾಡಿದಂತೆ ಅದನ್ನು ಅಳಿಸಬೇಡಿ. ಮರುದಿನ ತರಗತಿಗೆ ಹಾಗೆಯೇ ತೆಗೆದುಕೊಂಡು ಹೋಗಿ, ಕೈ ಎತ್ತಿ.